ಬೇಡವೆಂದ ಸದಸ್ಯರು

ಡೊಂಬಿವಲಿಯ ಕನ್ನಡ ಸಂಘದ ಮಹಿಳಾ ವಿಭಾಗದವರು ಈ ಸಲದ ವಾರ್ಷಿಕೋತ್ಸವಕ್ಕೆ ಹಾಡು, ಕುಣಿತ ಬೇಡ, ಶಾಸನಸಭೆಯನ್ನೇ ವೇದಿಕೆಗೆ ತರೋಣ ಎಂದಾಗ ಸುಂದರಿಗೆ ನಗು ಬಂತು. ಶಾಸನಸಭೆ ಎಂದರೆ ಅವಳ ಮಟ್ಟಿಗೆ ಟಿವಿಯಲ್ಲಿ ಕಾಣುವ ಗಲಾಟೆ. ಆದರೆ ರಮಾಮಣಿ ಟೀಚರ್ ಹೇಳುತ್ತಿದ್ದುದು ನೂರು ವರ್ಷದ ಹಿಂದಿನ ಸಭೆಯ ವಿಷಯ. ಧಾರವಾಡ ಕಡೆಯ ಟೀಚರ್ ಶಾಲೆಯಿಂದ ನಿವೃತ್ತರಾಗಿದ್ದರೂ ಪಾಠ ಹೇಳುವುದನ್ನು ಬಿಟ್ಟಿರಲಿಲ್ಲ.

"ಅವಾಗ ನಿಮ್ಮ ಉಡುಪಿ, ಮಂಗಳೂರು ಎಲ್ಲಾ ಮದ್ರಾಸಿಗೆ ಸೇರಿದ್ವು. ನಮ್ಮ ಧಾರವಾಡ ಮುಂಬೈಗೆ. ಹೆಣ್ಮಕ್ಕಳಿಗೆ ಓಟು ಕೊಡಬೇಕೋ ಬ್ಯಾಡೋ ಅನ್ನೂದನ್ನ ಲಂಡನ್ನಿನವ್ರು ತೀರ್ಮಾನ ಮಾಡ್ಲೇ ಇಲ್ಲ. ನಿಮ್ಮ ನಿಮ್ಮ ಸಭಾದಾಗ ನೀವs ಮಾಡ್ಕೋರಿ ಅಂದ್ರು. ಹತ್ತೊಂಬತ್ತುನೂರಾ ಇಪ್ಪತ್ತೊಂದರಾಗ ಮೊದಲ ಮದ್ರಾಸಿನವ್ರು ಹೂಂ ಅಂದ್ರು, ಆಮ್ಯಾಲೆ ಮುಂಬೈದವ್ರು. ಎಲ್ಲಾರಿಗೂ ಅಲ್ಲ, ಆಸ್ತಿ, ತೆರಿಗಿ ಇದ್ದವ್ರಿಗೆ ಅಷ್ಟs. ಆದ್ರ ಹೆಂಗಸು ಅಂತ ಬಾಗಲಾ ಹಾಕೂದು ನಿಂತಿತು."

ಆ ಸಭೆಯಲ್ಲಿ ಕೂತವರೆಲ್ಲ ಗಂಡಸರು. ಹಾಗಾಗಿ ಸಂಘದ ಹೆಂಗಸರು ಪೇಟ ಸುತ್ತಿ, ಕರಿ ಕೋಟು ತೊಟ್ಟು ಸದಸ್ಯರಾಗಬೇಕು. ಮಾತುಗಳನ್ನು ಟೀಚರೇ ಕಲ್ಪಿಸಿ ಬರೆದಿದ್ದರು. ಗೊತ್ತುವಳಿ ಮಂಡಿಸುವ ಪಾರ್ಟು ಬ್ಯಾಂಕಿನ ಶ್ರೀವಾಣಿಗೆ ಹೋಯಿತು. ಅದನ್ನು ವಿರೋಧಿಸುವ ಸದಸ್ಯರೊಬ್ಬರ ಪಾರ್ಟು ಸುಂದರಿಯ ಪಾಲಿಗೆ ಬಂತು.

"ನನಗೆ ಯಾಕೆ ಟೀಚರ್ ಈ ಹಾಳು ಪಾರ್ಟು?" ಎಂದು ಸುಂದರಿ ಮುಖ ಸಪ್ಪಗೆ ಮಾಡಿದಳು.

"ನಿಮ್ಮ ದನಿ ಹಿಂದಿನ ಸಾಲಿಗೆ ಕೇಳಸ್ತದ. ಚಲೋ ಮಾತು ಯಾರ್ ಬೇಕಾದ್ರೂ ಆಡ್ತಾರ್ರೀ. ಬ್ಯಾಡ ಅನ್ನಾಂವ ಜೊಳ್ಳಾದ್ರ ಗೆದ್ದವ್ರು ಯಾರನ್ನ ಗೆದ್ದಂಗಾತು?"

ದನಿಯೇನೋ ದೊಡ್ಡದೇ. ಕಳವಾ ಸ್ಟೇಷನ್ ಪಕ್ಕದ ತಮ್ಮ ಸಸ್ಯಾಹಾರಿ ಹೋಟೆಲಿನಲ್ಲಿ ಮೂವತ್ತು ವರ್ಷದಿಂದ ಅಡುಗೆಮನೆ ಅವಳದ್ದು. ಗಂಡ ಪ್ರೇಮನಾಥ ಹೊರಗೆ ಗಲ್ಲಾದ ಮೇಲೆ. ಒಳಗಿನಿಂದ ಹೊರಕ್ಕೆ ಕೂಗಿ ಕೂಗಿ ಬೆಳೆದ ದನಿ ಅದು. ಆದರೆ ಮೊದಲ ದಿನದ ತಾಲೀಮಿನಲ್ಲಿ ಅವಳು ಕಣ್ಣು ಕೆಂಪಗೆ ಮಾಡಿ, ಮೇಜು ಗುದ್ದಿ, ಯಕ್ಷಗಾನದ ಬಣ್ಣದ ವೇಷದ ಹಾಗೆ ಅಬ್ಬರಿಸಿದ್ದು ನೋಡಿ ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಅಂವ ರಾಕ್ಷಸ ಅಲ್ರೀ," ಟೀಚರ್ ತಾಳ್ಮೆಯಿಂದ ಹೇಳಿದರು. "ಮನ್ಯಾಗ ಹೆಂಡ್ತೀನ್ನ ಭಾಳ ಪ್ರೀತಿ ಮಾಡಾಂವ. ಪ್ರೀತಿಗೇ ಬ್ಯಾಡ ಅಂತಾನ. ಅಂಥಾವ್ರು ಯಾರರೆ ಗೊತ್ತಿದ್ರ ನೋಡಿ ಕಲೀರಿ."

ಹಾಗೆ ಯಾರೂ ಅವಳಿಗೆ ನೆನಪಾಗಲಿಲ್ಲ. ಬೆಳಗಿನ ಲೋಕಲಿನಲ್ಲಿ, ಮುಂಬ್ರಾದ ಗುಡ್ಡ ಕಿಟಕಿಯ ಹೊರಗೆ ಸರಿಯುವಾಗ, ಲೇಡೀಸ್ ಡಬ್ಬಿಯ ಮೂಲೆಯಲ್ಲಿ ನಿಂತು ಬಾಯಿಪಾಠ ಮಾಡುತ್ತಿದ್ದಳು. ಮಾತು ಬಂತು, ಮನುಷ್ಯ ಬರಲಿಲ್ಲ.

ಆ ವಾರವೇ ಇನ್ನೊಂದು ಸಂಗತಿ ನಡೆಯಿತು. ದೋಸೆ ಕಲ್ಲಿನ ಮುಂದೆ ನಿಲ್ಲುವ ಕಿಟ್ಟು, ಹೋಟೆಲು ಶುರುವಾದ ಕಾಲದಿಂದ ಇದ್ದವನು, ಮಧ್ಯಾಹ್ನದ ಬಿಡುವಿನಲ್ಲಿ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಅಕ್ಕ, ಹೋಟ್ಲು ಕಂಡಕ್ಟಿಂಗ್‌ಗೆ ಕೊಡ್ತಾರಂತೆ, ಹೌದಾ? ಘಣಸೋಲಿಯಿಂದ ಮನೀಶ್ ಅಂತ ಯಾರೋ ಬಂದು ಅಳತೆ ತೆಗೆದು ಹೋದ್ರು. ನಾನು ಬೇರೆ ಕಡೆ ನೋಡ್ಬೇಕಾ?"

ಕಂಡಕ್ಟಿಂಗ್‌ಗೆ ಕೊಡುವುದೆಂದರೆ ಬೇರೆಯವರು ಹೋಟೆಲು ನಡೆಸುವುದು, ಮಾಲೀಕರು ಮನೆಯಲ್ಲಿ ಕೂತು ತಿಂಗಳ ಬಾಡಿಗೆ ತೆಗೆದುಕೊಳ್ಳುವುದು. ತನಗೆ ಗೊತ್ತೇ ಇಲ್ಲ ಎಂದು ಕಿಟ್ಟುವಿನ ಎದುರು ಹೇಳಲು ಸುಂದರಿಗೆ ನಾಚಿಕೆಯಾಗಿ, "ನೋಡುವ, ಇನ್ನೂ ಎಂತದೂ ಆಗ್ಲಿಲ್ಲ," ಎಂದು ತೆಂಗಿನಕಾಯಿ ತುರಿಯಲು ಕೂತಳು.

ಸಂಜೆ ಮನೆಯಲ್ಲಿ ಕೇಳಿದಳು. ಪ್ರೇಮನಾಥ ಚಹಾದ ಲೋಟ ಕೆಳಗಿಟ್ಟು, ಅಂಗಿಯ ಕಾಲರು ಸ್ವಲ್ಪ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡ. ಅವನ ದನಿಯಲ್ಲಿ ಒಂದಿಷ್ಟೂ ಒರಟುತನ ಇರಲಿಲ್ಲ.

"ಪಾಪ, ನಿನಗೆ ಎಂತಕ್ಕೆ ಈ ತಲೆಬಿಸಿ ಮಾರಾಯ್ತಿ? ಮೊಣಕಾಲು ಹಿಡಿದುಕೊಂಡು ಎಷ್ಟು ವರ್ಷ ಆ ಒಲೆ ಎದುರು ನಿಲ್ಲುದು? ಇದೆಲ್ಲ ವ್ಯವಹಾರದ ಗಲೀಜು. ಅದು ನನಗಿರಲಿ. ನೀನು ಮನೆಯಲ್ಲಿ ರಾಣಿ ಹಾಗೆ ಕೂತ್ಕೊ."

ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು. ಮೊಣಕಾಲು ನೋಯುವುದು ನಿಜ. ಅವನಿಗೆ ಕಾಳಜಿ ಇರುವುದೂ ನಿಜ. ಹಾಗಿದ್ದ ಮೇಲೆ ಎದೆಯಲ್ಲಿ ಇದೇನು ಉರಿ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮರುದಿನ ತಾಲೀಮಿನಲ್ಲಿ ತನ್ನ ಸರದಿ ಬಂದಾಗ ಅವಳು ಮೇಜು ಗುದ್ದಲಿಲ್ಲ. ಕೋಟಿನ ಕಾಲರು ಸ್ವಲ್ಪ ಎಳೆದುಕೊಂಡಳು, ಗಂಟಲು ಸರಿಮಾಡಿಕೊಂಡಳು. "ಮಾನ್ಯ ಅಧ್ಯಕ್ಷರೇ, ಪಾಪ, ನಮ್ಮ ಹೆಂಗಸರಿಗೆ ಎಂತಕ್ಕೆ ಈ ತಲೆಬಿಸಿ?" ಎಂದಳು. ಈ ಸಲ ಯಾರೂ ನಗಲಿಲ್ಲ. ರಮಾಮಣಿ ಟೀಚರ್ ಕನ್ನಡಕ ತೆಗೆದು ಅವಳನ್ನೇ ನೋಡಿದರು.

"ಹಿಂಗs," ಎಂದರು. "ಇದನ್ನ ಬಿಡಬ್ಯಾಡ್ರಿ."

ಭಾನುವಾರ ಬೆಳಿಗ್ಗೆ ಸಭಾಗೃಹ ತುಂಬಿತ್ತು. ಮೂರನೇ ಸಾಲಿನಲ್ಲಿ ಪ್ರೇಮನಾಥ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಪಕ್ಕದಲ್ಲಿ ಮಗಳು ರಮಿತಾ. ಠಾಣೆಯ ಒಂದು ಕಂಪನಿಯಲ್ಲಿ ಕೆಲಸ ಅವಳಿಗೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಹಿಂದಿ.

ಶ್ರೀವಾಣಿ ಗೊತ್ತುವಳಿ ಮಂಡಿಸಿ ಚೆನ್ನಾಗಿಯೇ ಮಾತನಾಡಿದಳು. ಚಪ್ಪಾಳೆ ಬಿತ್ತು. ಆಮೇಲೆ ಸುಂದರಿ ಎದ್ದು ನಿಂತು ಕಾಲರು ಎಳೆದುಕೊಂಡಳು.

"ಮಾನ್ಯರೇ, ನಮ್ಮ ಮನೆಯವಳು ಯಾವತ್ತಾದರೂ ನನಗೆ ಓಟು ಬೇಕು ಅಂತ ಕೇಳಿದ್ದುಂಟಾ? ಇಲ್ಲ. ಯಾಕೆ? ಅವಳಿಗೆ ಬೇಕಾದ್ದು ಎಂತದು ಅಂತ ನನಗೆ ಅವಳಿಗಿಂತ ಚಂದ ಗೊತ್ತುಂಟು. ಇದು ಗಲೀಜು ಮಾರಾಯ್ರೆ, ಈ ರಾಜಕೀಯ. ಇದು ನಮಗಿರಲಿ. ಅವಳು ರಾಣಿ ಹಾಗೆ ಕೂತ್ಕೊಳ್ಳಲಿ!"

ಮೊದಲು ನಕ್ಕವಳು ರಮಿತಾ. ಅವಳ ಹಿಂದೆ ಅವರ ಬಿಲ್ಡಿಂಗಿನವರು, ಹೋಟೆಲ್ ನಡೆಸುವ ಪರಿಚಯದವರು. ಗುರುತು ಸಿಕ್ಕಿದವರ ನಗುವೇ ಬೇರೆ. ಅದು ಸಾಲಿನಿಂದ ಸಾಲಿಗೆ ಹರಡಿತು, ಯಾರೋ ಹಿಂದಿನಿಂದ, "ಪ್ರೇಮಣ್ಣ, ನೀವು ಯಾವಾಗ ಸ್ಟೇಜು ಹತ್ತಿದ್ದು?" ಎಂದು ಕೂಗಿದರು. ಸುಂದರಿ ಮೂರನೇ ಸಾಲಿನತ್ತ ನೋಡಿದಳು. ಪ್ರೇಮನಾಥ ಕಾಲರಿನ ಹತ್ತಿರ ಹೋಗಿದ್ದ ಕೈಯನ್ನು ನಿಧಾನ ಕೆಳಗಿಳಿಸಿ ಮಡಿಲಲ್ಲಿಟ್ಟುಕೊಂಡ. ರಮಿತಾ ಅಪ್ಪನ ಮುಖ ನೋಡಿ ನಗು ನುಂಗಿದಳು.

ಇನ್ನೂ ಅರ್ಧ ಭಾಷಣ ಬಾಕಿ ಇತ್ತು. ಉಳಿದದ್ದನ್ನು ಸುಂದರಿ ಕಾಲರು ಮುಟ್ಟದೆ, ಗಂಟಲು ಸರಿಮಾಡದೆ, ಬರೆದದ್ದನ್ನು ಬರೆದ ಹಾಗೆ ಒಪ್ಪಿಸಿ ಕೂತಳು. ಮತಕ್ಕೆ ಹಾಕಿದಾಗ ಸಭಿಕರೂ ಕೈ ಎತ್ತಬಹುದು ಎಂದರು. ಸಭಾಗೃಹದ ತುಂಬ ಕೈಗಳು. ಗೊತ್ತುವಳಿ ಪಾಸಾಯಿತು, ಅವಳ ಸದಸ್ಯರು ಸೋತರು. ಪ್ರೇಮನಾಥ ಮಾತ್ರ ಆ ಕಡೆಗೂ ಎತ್ತಲಿಲ್ಲ, ಈ ಕಡೆಗೂ ಎತ್ತಲಿಲ್ಲ.

ಕೇಸರಿಬಾತು, ಉಪ್ಪಿಟ್ಟಿನ ಗದ್ದಲದಲ್ಲಿ ಎಲ್ಲರೂ ಅವಳ ಬೆನ್ನು ತಟ್ಟುವವರೇ. ಅವಳು ಪೇಟ ಟೀಚರ ಕೈಗೆ ಕೊಟ್ಟು ಹೊರಗೆ ಬಂದಳು. ಪ್ರೇಮನಾಥ ಗೇಟಿನ ಹತ್ತಿರ ನಿಂತಿದ್ದ. ರಮಿತಾ, "ಆಪ್ ದೋನೋಂ ಜಾವೋ, ಮೈ ಬಾದ್ ಮೇ ಆತೀ ಹೂಂ," ಎಂದು ಅಪ್ಪ ಅಮ್ಮನನ್ನು ಮುಂದೆ ಕಳಿಸಿ ತಾನು ಹಿಂದೆ ಉಳಿದಳು. ಇಬ್ಬರೂ ರಿಕ್ಷಾ ಹಿಡಿಯದೆ ಬಿಸಿಲಿನಲ್ಲೇ ನಡೆದರು.

"ನಾನು ಹಾಗೆ ಮಾತಾಡುದಾ?" ಎಂದು ಅವನು ಕೇಳಿದ್ದು ತರಕಾರಿ ಗಾಡಿಗಳನ್ನು ದಾಟಿದ ಮೇಲೆ.

"ಹಾಗೇ."

"ಅಷ್ಟು ಕೆಟ್ಟದಾಗಿ?"

"ಕೆಟ್ಟದಾಗಿ ಆಡಿದ್ರೆ ಜಗಳ ಮಾಡ್ಲಿಕ್ಕಾದ್ರೂ ಆಗ್ತಿತ್ತು. ನೀವು ಪ್ರೀತಿಯಲ್ಲಿ ಹೇಳ್ತೀರಿ. ನನಗೆ ಬಾಯಿ ಬಿಡ್ಲಿಕ್ಕೇ ಆಗುದಿಲ್ಲ."

"ಅಷ್ಟು ಜನರ ಎದುರು ನನ್ನ ಮಾನ ತೆಗೀಬೇಕಿತ್ತಾ ಸುಂದರಿ?"

"ಅದು ತಪ್ಪಾಯ್ತು." ಅವಳ ಕಣ್ಣು ತುಂಬಿತು. "ನೀವು ಬೇಜಾರಾದದ್ದು ನೋಡಿ ನನಗೆ ಅಲ್ಲೇ ಸಾಕಾಗಿ ಹೋಯ್ತು. ಆದ್ರೆ ಹೋಟ್ಲು ಹೋಗ್ತದೆ ಅಂತ ನನಗೆ ಕಿಟ್ಟು ಹೇಳಿ ಗೊತ್ತಾಗ್ಬೇಕಿತ್ತಾ? ನೀವೇ ಹೇಳಿ."

ಮನೆಯ ಮೆಟ್ಟಿಲು ಹತ್ತುವಾಗ ಅವನು ಎಂದಿನಂತೆ ಅವಳ ಕೈಯಿಂದ ಚೀಲ ತೆಗೆದುಕೊಂಡ. ಬಾಗಿಲು ತೆಗೆದು, "ಮಂಗಳವಾರ ಮನೀಶ್ ಬರ್ತಾನೆ. ನೀನೂ ಕೂತ್ಕೊ," ಎಂದ.

ಮನೀಶ್ ಮೂವತ್ತೈದರ ಆಸುಪಾಸಿನ, ಚುರುಕಾದ, ಮರ್ಯಾದಸ್ಥ ಹುಡುಗ. ಘಣಸೋಲಿಯಲ್ಲಿ ಆಗಲೇ ಎರಡು ಹೋಟೆಲು ನಡೆಸುತ್ತಿದ್ದ. ಮಂಗಳವಾರ ಹೋಟೆಲಿನಲ್ಲಿ ಸುಂದರಿ ಅವನ ಎದುರು ಕೂತು, ಅಡುಗೆಮನೆ ಎಲ್ಲಿಗೆ ಸರಿಸುತ್ತೀ, ಚಿಮಣಿ ಎತ್ತಲಿಂದ ತೆಗೆಯುತ್ತೀ, ಮೇಲಿನ ಮನೆಯವರಿಗೆ ಹೊಗೆ ಹೋದರೆ ಯಾರು ಜವಾಬ್ದಾರರು ಎಂದು ಒಂದೊಂದೇ ಕೇಳಿದಳು. ಅವನು ಎಲ್ಲಕ್ಕೂ ಸರಿಯಾಗಿಯೇ ಉತ್ತರ ಕೊಟ್ಟ. ಇವನಿಗೆ ಕೊಡಬಹುದು ಎಂದು ಅವಳಿಗೂ ಅನಿಸಿತು.

"ಕಿಟ್ಟು?" ಎಂದು ಕೊನೆಗೆ ಕೇಳಿದಳು.

"ಆಂಟಿ, ನನ್ನದು ಹುಡುಗರ ಟೀಮು ಉಂಟು. ವಯಸ್ಸಾದವರನ್ನು ಇಟ್ಟುಕೊಂಡ್ರೆ ನನಗೆ ಸ್ಪೀಡು ಬರುದಿಲ್ಲ. ಸುಳ್ಳು ಯಾಕೆ ಹೇಳ್ಲಿ?"

ಸುಂದರಿ ಗಂಡನ ಕಡೆ ತಿರುಗಿ ಊರಿನ ತುಳುವಿನಲ್ಲಿ, "ಬೊಡ್ಚಿ," ಎಂದಳು. ಬೇಡ. ತುಳು ಮನೀಶನಿಗೂ ಬರುತ್ತಿತ್ತು. ಅವನು ತಲೆ ತಗ್ಗಿಸಿ ಮೊಬೈಲು ನೋಡಿದ.

ಪ್ರೇಮನಾಥನ ಮುಖ ಕೆಂಪಾಯಿತು. ಇಂಥ ಪಾರ್ಟಿ ಮತ್ತೆ ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಏನೋ ಹೇಳಲು ಬಾಯಿ ತೆರೆದ, ದೋಸೆ ಕಲ್ಲಿನ ಕಡೆ ನೋಡಿದ. ಅಲ್ಲಿ ಕಿಟ್ಟು ಈ ಕಡೆ ಕಿವಿಯಿಲ್ಲದವನ ಹಾಗೆ ಕಲ್ಲು ಉಜ್ಜುತ್ತಿದ್ದ.

"ಇಲ್ಲ ಮಾರಾಯ," ಎಂದ ಪ್ರೇಮನಾಥ ಮನೀಶನಿಗೆ. "ಮಾತು ಕೊಡುವಾಗ ಧಣಿ ನಾನೊಬ್ಬನೇ ಅಂತ ತಿಳ್ಕೊಂಡಿದ್ದೆ. ಹೋಟ್ಲು ಇವಳದ್ದೂ ಹೌದು. ಬೇಜಾರು ಮಾಡ್ಕೊಳ್ಬೇಡ."

ಹೇಳಿದನೆಂದು ಅವನ ಸಿಟ್ಟೇನೂ ಇಳಿಯಲಿಲ್ಲ. ಎರಡು ದಿನ ಅವಳ ಹತ್ತಿರ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವಳು ಒಲೆಯ ಮುಂದೆ ಮೊಣಕಾಲು ಒತ್ತಿಕೊಳ್ಳುತ್ತಿದ್ದುದನ್ನು ನೋಡಿ ಒಳಗೆ ಬಂದು, "ಸರಿ. ನಿನಗೆ ಬಿಡ್ಲಿಕ್ಕೂ ಮನಸ್ಸಿಲ್ಲ, ನಿಲ್ಲಲಿಕ್ಕೂ ಆಗುದಿಲ್ಲ. ಈಗ ಎಂತ ಮಾಡುವ, ನೀನೇ ಹೇಳು," ಎಂದು ಕೇಳಿದ.

ಅವಳು ಸೌಟು ಅವನ ಕೈಗೆ ಕೊಟ್ಟಳು. "ನಾನು ಗಲ್ಲಾದಲ್ಲಿ ಕೂತ್ಕೊಳ್ತೇನೆ. ಒಳಗೆ ನೀವು."

ಹಾಗೆ ಶುರುವಾಯಿತು. ಮೊದಲ ವಾರದ ಸಾಂಬಾರು ಒಂದು ದಿನ ಉಪ್ಪಾಗಿ, ಇನ್ನೊಂದು ದಿನ ನೀರಾಗಿ, ಗಿರಾಕಿಗಳು ಮರಾಠಿಯಲ್ಲಿ ಗೊಣಗಿದರು. ಕಿಟ್ಟು ಗಲ್ಲಾದ ಹತ್ತಿರ ಬಂದು, "ಅಕ್ಕ, ಧಣಿಗಳು ಹುಣಸೆಹುಳಿ ಯಾರ ಮಾತೂ ಕೇಳದೆ ಹಾಕ್ತಾರೆ," ಎಂದು ದೂರು ಕೊಟ್ಟ. ಸುಂದರಿ ಕುರ್ಚಿಯಲ್ಲಿ ಕಾಲು ಚಾಚಿ ಕೂತಲ್ಲಿಂದಲೇ, ಹುಳಿ ಜಾಸ್ತಿಯಾಯಿತು ಎಂದು ಒಳಗೆ ಕೂಗಿದಳು. ಒಳಗಿನಿಂದ ಪ್ರೇಮನಾಥ ಅಷ್ಟೇ ಗಟ್ಟಿಯಾಗಿ, "ಹೌದಾ? ಹಾಗಾದ್ರೆ ಎಷ್ಟು ಹಾಕುದು ಅಂತ ಬಂದು ಹೇಳು ಮಾರಾಯ್ತಿ!" ಎಂದು ಕೂಗಿದ. ಅವಳು ಗಿರಾಕಿಗೆ ಚಿಲ್ಲರೆ ಕೊಟ್ಟು, ನಿಧಾನ ಎದ್ದು ಒಳಗೆ ಹೋದಳು.