ಹೊಸ್ತಿಲ ಕೆಳಗಿನ ತಲೆಗಳು

೧೯೫೦ನೇ ಇಸವಿ, ಮಾರ್ಚ್ ೬, ಸೋಮವಾರ. ಬೀದರ ಕೋಟೆಯ ಹೊರಗಿನ ನಮ್ಮ ಹೊಲೆಗೇರಿಯಲ್ಲಿ ಮೂವತ್ತೊಂದು ಮನೆ, ನೂರಾ ಹದಿನೆಂಟು ತಲೆ.

“ದೂರ ನಿಂದ್ರೋ ಹರಾಮಖೋರ! ನೆರಳ ಬೀಳ್ತದ ವಹಿ ಮ್ಯಾಲ,” ಎಂದು ಕಂದಾಯದ ಗಿರ್ದಾವರ ಬಸವಣ್ಣೆಪ್ಪ ನಮ್ಮ ಕೇರಿಯ ಪಂಢರಿಗೆ ಗದರಿದ. ನಿಜಾಮನ ಕಾಲದಲ್ಲಿ ಅವನು ಶೇರವಾನಿ ತೊಡುತ್ತಿದ್ದ. ಪೊಲೀಸ್ ಕಾರ್ಯಾಚರಣೆಯ ನಂತರ ಬಿಳಿ ಟೋಪಿ ಹಾಕಿದ್ದ. ಬೈಗುಳ ಬದಲಾಗಿರಲಿಲ್ಲ.

ಕೇರಿಯ ಮೇಲೆ ಹೊಸ ರಸ್ತೆ ಹಾಯುವುದಿತ್ತು. ಬದಲಿಗೆ ನಮಗೆ ಊರಾಚೆಯ ಕಲ್ಲುನೆಲ, ತಲೆಗೆ ಐದು ಗಜ. ತಲೆ ಎಣಿಸಿ ವಹಿ ಪುಸ್ತಕದಲ್ಲಿ ಬರೆಯುವವನು ಈ ಗಿರ್ದಾವರನೇ.

ಪಂಢರಿಯ ಹೆಂಡತಿ ಕೇಶರಬಾಯಿ ಬಾಗಿಲಲ್ಲಿ ನಿಂತಿದ್ದಳು.

“ತಲಿ ಎಷ್ಟವ?”

“ಐದ್ರಿ. ನಾವಿಬ್ಬರು, ಹೊಸ್ತಿಲ ಕೆಳಗ ಮೂರು.”

ಹೆಸರಿಡುವ ಮೊದಲೇ ಸತ್ತ ಕೂಸನ್ನು ನಮ್ಮವರು ಸ್ಮಶಾನಕ್ಕೆ ಒಯ್ಯುವುದಿಲ್ಲ. ಹೊಸ್ತಿಲ ಕೆಳಗೆ ಹೂಳುತ್ತೇವೆ. ತಾಯಿ ದಾಟುವಾಗ ಮತ್ತೆ ಅವಳ ಹೊಟ್ಟೆಗೇ ಬರಲಿ ಎಂದು.

ಗಿರ್ದಾವರ ನಕ್ಕ. “ಸತ್ತವರಿಗೂ ಜಾಗಾ ಬೇಕೇನ ನಿಮಗ?”

“ಅಷ್ಟೂರದ ಗುಮ್ಮಟದಾಗಿನ ಸುಲ್ತಾನರು ಸತ್ತು ಐನೂರು ವರ್ಷ ಆತ್ರಿ. ಅವರ ಜಾಗಾ ಯಾರರ ಕಸಗೊಂಡಾರೇನ್ರಿ?”

“ಬಾಯಿ ಮುಚ್ಚ ರಂಡಿ. ಎರಡಂತ ಬರದೆ. ಏ ಮಕ್ಸೂದ, ಸರಪಳಿ ಎಳಿ!”

ಅಳತೆಯ ಆಳು ಮಕ್ಸೂದ ಸರಪಳಿಯನ್ನು ಹೊಸ್ತಿಲಗುಂಟ ಹಾಸಿ ಎಳೆದ. ಬರಲಿಲ್ಲ. ಮತ್ತೆ ಎಳೆದ. ಅದರ ನಡುಭಾಗ ಮಣ್ಣಿನೊಳಗೆ ಒಂದು ಗೇಣು ಇಳಿಯಿತು.

“ಸಾಬ್, ಕೆಳಗ ಯಾರೋ ಹಿಡದಾರ್ರಿ.”

“ಮುಂಜಾನಿ ರೊಟ್ಟಿ ತಿಂದಿಲ್ಲೇನ ಮಗನ?”

ಗಿರ್ದಾವರ ತಾನೇ ಬಂದು ಸರಪಳಿಗೆ ಕೈ ಹಾಕಿದ. ನೆಲದೊಳಗಿಂದ ಮೂರು ಸಲ ಜಗ್ಗಿತು. ಅವನು ಮೊಣಕಾಲೂರಿ ಬಿದ್ದ; ನಮ್ಮ ಕೈಯ ನೀರು ಮುಟ್ಟದವನ ಹಣೆ ನಮ್ಮ ಹೊಸ್ತಿಲಿಗೆ ತಾಗಿತು. ಕೊಂಡಿಗಳ ನಡುವಿನಿಂದ ಕಡಲೆ ಗಾತ್ರದ ಬೆರಳ ತುದಿಗಳು ಎದ್ದು ಅವನ ಬಲಗೈಯ ಉಂಗುರವನ್ನು ಹಿಡಿದಿದ್ದವು.

“ಬಿಡಸ ನಮ್ಮವ್ವಾ! ಕರಿ ಅವರನ್ನ!”

“ಹೆಸರಿಲ್ಲದವಕ್ಕ ಏನಂತ ಕರೀಲ್ರಿ? ವಹಿಯಾಗ ಬರೀರಿ. ಏಕನಾಥ. ಮೀರಾ.”

ಅವನು ಎಡಗೈಯಲ್ಲಿ ಬರೆದ. “ಮೂರನೇದು?”

“ನಿಮ್ಮ ವಾಡೇಕ್ಕ ಬಿಟ್ಟಿ ಕಲ್ಲು ಹೊರುವಾಗ ಹೊಟ್ಟಿಯಿಂದ ಬಿತ್ರಿ ಅದು. ಹೆಸರ ನೀವೇ ಇಡ್ರಿ.”

ಬೇರೇನೂ ತೋಚದೆ ತನ್ನದೇ ಹೆಸರು ಬರೆದ. ಬೆರಳುಗಳು ಬಿಟ್ಟವು.

ಅವನು ಏಳುವಷ್ಟರಲ್ಲಿ ಸರಪಳಿ ಮುಂದಿನ ಹೊಸ್ತಿಲಲ್ಲಿ ಇಳಿಯಿತು, ಅದರಾಚೆ ಇನ್ನೊಂದರಲ್ಲಿ. ಪಕ್ಕದ ಮನೆಯ ಗಂಗುಬಾಯಿ ಕೂಗಿದಳು: “ಇಲ್ಲಿ ಎರಡವ ಸಾಹೇಬ್ರ, ಬರ್ರಿ!”

ಗಿರ್ದಾವರ ವಹಿಯನ್ನು ಎದೆಗವಚಿಕೊಂಡು ಓಡಿದ.

ಮರುದಿನ ಗುದ್ದಲಿಯವರೊಂದಿಗೆ ಸಿಪಾಯಿಗಳು ಬಂದರು. ನಮ್ಮ ಹೆಂಗಸರು ತಮ್ಮ ತಮ್ಮ ಹೊಸ್ತಿಲ ಮೇಲೆ ಕುಳಿತಿದ್ದರು; ಕೂಸುಗಳ ಹೆಸರು ವಹಿಗೆ ಏರದೆ ಏಳುವುದಿಲ್ಲ ಎಂದರು. ಕೇರಿಯಲ್ಲಿ ಹೂತ ಕೂಸುಗಳು ಇಪ್ಪತ್ತೊಂಬತ್ತು, ಬರೆದದ್ದು ಮೂರು. ಉಳಿದ ಇಪ್ಪತ್ತಾರು ತಲೆಗೆ ನೂರಾ ಮೂವತ್ತು ಗಜ ನೆಲ ಸರ್ಕಾರದ ಮೇಲೆ ಬಾಕಿ ಇದೆ.