ತಲೆಕೆಳಗಾದ ಮುದ್ರೆ

ಬೆಳಿಗ್ಗೆ ಎಂಟು ನಲವತ್ತಕ್ಕೆ ಮಾದಿಹಳ್ಳಿಯ ಬಸ್ಸು. ಒಂಬತ್ತೂವರೆಗೆ ಬೇಲೂರಿನ ಕಚೇರಿಯೊಂದರ ಕಸ ಗುಡಿಸುವುದು, ಹತ್ತಕ್ಕೆ ನೀರು ತುಂಬುವುದು, ಹತ್ತೂವರೆಯಿಂದ ಮುದ್ರೆ ಒತ್ತುವುದು. ನನ್ನ ಸೋದರತ್ತೆ ಗಿಡ್ಡಮ್ಮನ ದಿನ ಈ ಕ್ರಮದಲ್ಲಿ ಸಾಗುತ್ತಿತ್ತು. ಮೊದಲೆರಡಕ್ಕೆ ದಿನಗೂಲಿ ಇತ್ತು. ಮೂರನೆಯದು ಗುಮಾಸ್ತ ಶಿವಕುಮಾರ್ ಅವರ ಮಣಿಕಟ್ಟಿನ ನೋವಿನಿಂದ ಬಂದದ್ದು.

ಅಲ್ಲಿ ಜನರಿಗೆ ಕೊಡುವ ಹಳೆಯ ದಾಖಲೆಗಳ ನಕಲುಗಳಿಗೆ ಶಾಯಿಯ ಮೊಹರು ಸಾಲದು. ಕಬ್ಬಿಣದ ಯಂತ್ರದಿಂದ ಉಬ್ಬುಮುದ್ರೆಯೂ ಬೀಳಬೇಕು. ಅದರ ಹಿಡಿ ಬಹಳ ಬಿಗಿ. ಅತ್ತೆ ಎಡಗೈಯಲ್ಲಿ ಒಂದೇ ಸಲಕ್ಕೆ ಒತ್ತುತ್ತಿದ್ದಳು.

“ನಿಂದು ಕೈಯೋ, ಗಾಣವೋ ಗಿಡ್ಡಮ್ಮ?” ಎಂದು ಶಿವಕುಮಾರ್ ನಗುತ್ತಿದ್ದರು.

“ಗಾಣಕ್ಕಾದ್ರೂ ಎಣ್ಣೆ ಬಿಡ್ತಾರೆ ಸಾಮಿ. ನಂಗೊಂದ್ ಲೋಟ ಟೀನೂ ಇಲ್ಲ.”

ಸೋಮವಾರದಿಂದ ಹೊಸ ಗುತ್ತಿಗೆದಾರ ಬರುತ್ತಾನೆ, ಇಲ್ಲಿ ದುಡಿದದ್ದಕ್ಕೆ ಪತ್ರವಿದ್ದವರನ್ನಷ್ಟೇ ಉಳಿಸಿಕೊಳ್ಳುತ್ತಾನೆ ಎಂದು ಕಳೆದ ವಾರ ತಿಳಿಯಿತು. ನಾನು ಅರ್ಜಿ ಬರೆದು, ಅತ್ತೆಯೊಡನೆ ಅಧಿಕಾರಿ ವೆಂಕಟರಾಮಯ್ಯನವರ ಮುಂದೆ ನಿಂತೆ.

“ಗಿಡ್ಡಮ್ಮ ನಮ್ಮೋಳೇ. ಆದ್ರೆ ಹಾಜರಿ ಪುಸ್ತಕದಲ್ಲಿ ಹೆಸರಿಲ್ವಲ್ಲ. ದಾಖಲೆ ಇಲ್ದೆ ಹೇಗೆ ಬರ್ಕೊಡ್ಲಿ?”

“ಒತ್ತಕ್ಕೆ ನನ್ ಕೈ ಬೇಕು, ಬರ್ಯಕ್ಕೆ ನನ್ ಹೆಸ್ರು ಬ್ಯಾಡ್ವಾ ಸಾಮಿ?”

ಅವರು ನಕ್ಕು ನನ್ನತ್ತ ತಿರುಗಿದರು. “ನೀವು ಬಿಎಸ್ಸಿ ಅಲ್ವೇನಮ್ಮಾ ಮಾಲಿನಿ? ಕಡತಗಳೆಲ್ಲ ಅಲ್ಲಿವೆ. ದಾಖಲೆ ಹುಡುಕಿ ತನ್ನಿ, ಈಗ್ಲೇ ಸಹಿ ಹಾಕ್ತೀನಿ.”

ಹುಡುಕಿದೆ. ಕೊಟ್ಟ ಪ್ರತಿ ನಕಲಿನ ಜೊತೆಗೆ ಮುದ್ರೆ ಒತ್ತಿ ಉಳಿಸಿಕೊಂಡ ಕಚೇರಿ ಪ್ರತಿಗಳನ್ನು ಎರಡು ದಿನ ಪುಟಪುಟವಾಗಿ ನೋಡಿದೆ. ಅತ್ತೆಯ ಹೆಸರು ಎಲ್ಲಿಯೂ ಇರಲಿಲ್ಲ. ಆದರೆ ಹಳೆಯ ಪ್ರತಿಗಳಲ್ಲಿ ನೆಟ್ಟಗಿದ್ದ ಉಬ್ಬುಮುದ್ರೆ ಒಂದು ದಿನಾಂಕದಿಂದೀಚೆಗೆ ತಲೆಕೆಳಗಾಗಿತ್ತು. ಕಾರಣ ಸರಳ: ಎಡಗೈಯವಳಾದ ಅತ್ತೆ ಹಾಳೆಯನ್ನು ತಿರುಗಿಸಿ ಯಂತ್ರಕ್ಕೆ ಕೊಡುತ್ತಾಳೆ. ಓದು ಬಾರದ ಅವಳಿಗೆ ವ್ಯತ್ಯಾಸ ತಿಳಿಯಲಿಲ್ಲ. ಓದು ಬಲ್ಲವರು ನೋಡಲೇ ಇಲ್ಲ.

ದಿನಾಂಕಗಳನ್ನೆಲ್ಲ ಒಂದು ಟಿಪ್ಪಣಿಯಲ್ಲಿ ಬರೆದು ನಿನ್ನೆ ಸಂಜೆ ಮುಂದಿಟ್ಟೆ. “ಇದೂ ಒಂದು ದಾಖಲೆಯೇನಮ್ಮಾ?” ಎಂದು ಅಧಿಕಾರಿ ಹಿಂದಿರುಗಿಸಿದರು.

“ಅಂಗಾರೆ ನಾಳಿಂದ ನೀವೇ ಒತ್ಕಳಿ ಸಾಮಿ,” ಎಂದಳು ಅತ್ತೆ. “ನೆಟ್ಟಗೆ ಒತ್ಬುಡಿ.”

ಇಂದು ಅವಳು ಕಸ ಗುಡಿಸಿದಳು, ನೀರು ತುಂಬಿದಳು, ಮೆಟ್ಟಿಲ ಮೇಲೆ ಕುಳಿತಳು. ಈಚೆಗೆ ಮಣಿಕಟ್ಟು ಇನ್ನಷ್ಟು ಕೆಟ್ಟಿದ್ದ ಶಿವಕುಮಾರ್ ಎರಡು ಕೈಯಲ್ಲಿ ಒತ್ತಿ ಒಂದು ಹಾಳೆ ಹರಿದರು. ಹನ್ನೆರಡಾದರೂ ಒಂದು ನಕಲೂ ಹೊರಬೀಳಲಿಲ್ಲ. ಅರೇಹಳ್ಳಿಯಿಂದ ಬಂದು ಕಾಯುತ್ತಿದ್ದ ಚಲುವಮ್ಮ ಸಂಗತಿ ಕೇಳಿಕೊಂಡು, ಸಾಲಿನಿಂದ ಹೊರಬಂದು ಅತ್ತೆಯ ಪಕ್ಕ ಕುಳಿತರು.

“ಮೊದ್ಲು ಈಯಮ್ಮಂಗೆ ಬರ್ಕೊಡಿ. ನಮ್ದು ಆಮ್ಯಾಕೆ.”

ಸಾಲಿನಲ್ಲಿದ್ದ ಹತ್ತೊಂಬತ್ತು ಜನರೂ ಬಂದು ಕುಳಿತರು. ವೆಂಕಟರಾಮಯ್ಯನವರು ಪತ್ರ ಬರೆಯಲು ಹಾಳೆ ತೆಗೆದು, ನನ್ನ ಟಿಪ್ಪಣಿಯನ್ನು ಮತ್ತೆ ಕೇಳಿ ಪಡೆದರು. ಅದರಲ್ಲಿದ್ದದ್ದು ಇಷ್ಟು: ಮೊದಲ ತಲೆಕೆಳಗಾದ ಮುದ್ರೆ 2014ರ ಜೂನ್ 16ರದು, ಕೊನೆಯದು ನಿನ್ನೆಯದು, ನಡುವೆ ಮುದ್ರೆ ನೆಟ್ಟಗಿರುವುದು ಒಂಬತ್ತು ದಿನ ಮಾತ್ರ, ಆ ಒಂಬತ್ತು ದಿನ ಗಿಡ್ಡಮ್ಮ ಮಗಳ ಬಾಣಂತನಕ್ಕೆ ಜಾವಗಲ್‌ನಲ್ಲಿದ್ದಳು.