ಹಳ್ಳದ ತೋಪಿನ ಅಳತೆ

ಮಾರನೆಯ ದಿನ ಕಾಲೇಜಿನಲ್ಲಿ ಗಿಡಮರದ ಪಾಠ ಹೇಳುವ ಸರ್ವಮಂಗಳ ಮೇಡಂ ಬರುವವರಿದ್ದರು. ಬೆಳಗಿನಿಂದ ನಮ್ಮ ಯಜಮಾನರು ಪರಮಶಿವಯ್ಯನವರು ಒಂದು ಕಡೆ ಕೂತವರಲ್ಲ. ಕೊಟ್ಟಿಗೆಗೆ ಹೋದರು, ಬಂದರು, ತಟ್ಟೆಯ ಮುಂದೆ ಕೂತು ಮುದ್ದೆ ಮುರಿಯದೆ ಎದ್ದರು. ಅಂಡು ಸುಟ್ಟ ಬೆಕ್ಕಿನ ಹಾಗೆ ಯಾಕೆ ಸುತ್ತುತ್ತೀರಿ ಎಂದು ರೇಗಿದೆ.

ಅವರ ಕಳವಳ ಸುಳ್ಳಲ್ಲ. ಸೌದೆಗೆಂದು ಊರೇ ಸೇರಿ ಬೋಳು ಮಾಡಿದ್ದ ಹಳ್ಳದ ದಂಡೆಯಲ್ಲಿ ಹೊಂಗೆ, ಬೇವು, ನೇರಳೆ ನೆಟ್ಟು ಬೆಳೆಸಿದವರು ಅವರೇ. ಎಂಬತ್ತೈದನೇ ಇಸವಿಯಲ್ಲಿ ಪಂಚಾಯ್ತಿಗೆ ಅವನ್ನು ಕಡಿದು ನೀಲಗಿರಿ ಹಾಕುವ ಹುಚ್ಚು ಹಿಡಿದಿತ್ತು. ಸರ್ವಮಂಗಳ ಮೇಡಂ ಅಳೆದು ನೋಡಿ, ಕಾಡು ಮತ್ತೆ ಚೇತರಿಸಿಕೊಂಡಿದೆ ಎಂದು ಬರೆದುಕೊಟ್ಟರೆ ಮಾತ್ರ ತೋಪು ಉಳಿಯುತ್ತಿತ್ತು.

ಮಧ್ಯಾಹ್ನ ಯಜಮಾನರು ಆಳುಗಳನ್ನು ಕರೆದುಕೊಂಡು ಹೋದರು. ಸಂಜೆಗೆ ತೋಪು ನಮ್ಮ ತೆಂಗಿನ ತೋಟದ ಹಾಗೆಯೇ ಆಗಿತ್ತು. ಪೊದೆಯಿಲ್ಲ, ಕಳೆಯಿಲ್ಲ, ಮರಮರಕ್ಕೂ ಪಾತಿ. ಕಳೆ ಬೆಳೆದ ತೋಟದವನಿಗೆ ನಮ್ಮ ಕಡೆ ಹೆಣ್ಣು ಕೊಡುವುದಿಲ್ಲ. ನನ್ನ ಕಣ್ಣಿಗೂ ಚೆನ್ನಾಗಿಯೇ ಕಂಡಿತು.

ಬೆಳಿಗ್ಗೆ ಮೇಡಂ ಮರಗಳನ್ನು ಅಳೆಯಲೇ ಇಲ್ಲ. ನೆಲದ ಮೇಲೆ ಹಗ್ಗದಿಂದ ಚೌಕ ಹಾಕಿ, ಕುಕ್ಕರುಗಾಲಲ್ಲಿ ಕೂತು ಹುಡುಕಿದರು. ಜಾಗ ಬದಲಿಸಿ ಮತ್ತೆ ಹುಡುಕಿದರು.

“ತಾನಾಗಿ ಹುಟ್ಟಿದ ಸಸಿಗಳು ಇರಲಿಲ್ಲವಾ, ಪರಮಶಿವಯ್ಯನವರೇ?”

“ಕಾಲಿಡಕ್ಕೆ ಜಾಗ ಇಲ್ದಂಗೆ ಇದ್ವು ಕಣಮ್ಮ. ನೀವು ಬತ್ತೀರಿ ಅಂತ ಒಂದೂ ಬಿಡ್ದಂಗೆ ಕೀಳಿಸ್ದೆ.” ಹೇಳುವಾಗ ಎಷ್ಟು ಹೆಮ್ಮೆ.

ಮೇಡಂ ಹಗ್ಗ ಸುತ್ತಿಕೊಂಡರು. “ನೆಟ್ಟ ಮರ ನಿಮ್ಮ ದುಡಿಮೆ. ಕಾಡು ಚೇತರಿಸಿಕೊಂಡಿದೆ ಅನ್ನೋಕೆ ಅವು ಹುಟ್ಟಿಸಿದ ಮರಿಗಳೇ ಸಾಕ್ಷಿ, ಅವನ್ನ ಎಣಿಸೋಕೆ ನಾನು ಬಂದಿದ್ದು.”

ಯಜಮಾನರ ಮುಖ ಬಿಳಿಚಿತು. “ತಿಪ್ಪೇಲಿ ಅವೆ ತಾಯಿ. ತಂದ್ಕೊಡ್ಲಾ?”

“ಅವು ಇಲ್ಲೇ ನಿಂತಿರಬೇಕಿತ್ತು,” ಎಂದರು ಮೇಡಂ, ಮೆಲ್ಲಗೆ.

ನನಗೆ ಮೈಯೆಲ್ಲ ಉರಿಯಿತು. ಎಣಿಸುವುದು ಏನನ್ನು ಎಂದು ಮೊದಲೇ ಒಂದು ಮಾತು ಹೇಳಬಾರದಿತ್ತೇ? ಇವರಾದರೂ ಕೇಳಬಾರದಿತ್ತೇ? ಒಂದು ಮಳೆಗಾಲ ಕಾದು ನೋಡಿ ಎಂದು ಮೇಡಂ ಬರೆದರು. ಪಂಚಾಯ್ತಿ ಕಾಯಲಿಲ್ಲ.

ಈಗ ಅಲ್ಲಿ ನೀಲಗಿರಿ ನಿಂತಿದೆ. ಕೆಳಗೆ ಹುಲ್ಲುಕಡ್ಡಿಯೂ ಹುಟ್ಟುವುದಿಲ್ಲ, ಯಾರೂ ಕೀಳಿಸಬೇಕಿಲ್ಲದಷ್ಟು ಚೊಕ್ಕಟ. ಯಜಮಾನರು ಆ ದಾರಿ ತುಳಿಯುವುದಿಲ್ಲ. ನಮ್ಮ ತೋಟದಲ್ಲಿ ಕಳೆ ಮೊಣಕಾಲಿಗೆ ಬಂದಿದೆ, ಊರವರು ನಗುತ್ತಾರೆ. ಆಳಿಗೆ ಹೇಳಿ ಎಂದರೆ “ಇರ್ಲಿ ಬುಡೇ” ಎನ್ನುತ್ತಾರೆ, ಎದ್ದು ಮತ್ತೆ ಅಂಗಳದಲ್ಲಿ ಸುತ್ತತೊಡಗುತ್ತಾರೆ.